ಟ್ಯಾಂಕರ್ ನೀರಿನ ಬೇಸಿಗೆಯಲ್ಲಿ ಬಟ್ಟೆ ಡೈಪರ್

ಬಟ್ಟೆ ಡೈಪರ್ ವಿಷಯ ಎತ್ತಿದ ಗೆಳತಿಯರೆಲ್ಲ ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ನಾನು ತಿರುಗಿ ಕೇಳುವುದು ಮೂರು ಪ್ರಶ್ನೆ. ಮನೆಗೆ ಬರುವ ನೀರು ಕಾವೇರಿಯದೋ ಬೋರ್‌ವೆಲ್ಲಿನದೋ? ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಒಗೆಯುವವರು ಯಾರು? ಇವುಗಳಿಗೆ ಉತ್ತರ ಗೊತ್ತಿದ್ದರೆ ಕಂಪನಿಯ ಪ್ರಶ್ನೆ ದೊಡ್ಡದಲ್ಲ. ನನ್ನ ಮಗಳು ಹುಟ್ಟಿದ್ದು 2023ರ ಡಿಸೆಂಬರಿನಲ್ಲಿ. ಬಾಣಂತನ ಮುಗಿಸಿ ತಿಪಟೂರಿನ ತವರಿನಿಂದ ನಾನು ಬೆಂಗಳೂರಿನ ಹೊರಮಾವಿಗೆ ವಾಪಸಾಗಿದ್ದು 2024ರ ಮಾರ್ಚಿನಲ್ಲಿ. ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿದ್ದ ಬೇಸಿಗೆ ಅದು. ಹಾಗಾಗಿ ಈ ಪ್ರಶ್ನೆಗಳು ನನಗೆ ಪುಸ್ತಕದಿಂದ ಬಂದವಲ್ಲ.

ಬಟ್ಟೆಯದೇ ಬಳಸಬೇಕು ಅನ್ನುವ ಹಟ ಮಾತ್ರ ಗರ್ಭಿಣಿಯಾಗಿದ್ದಾಗಲೇ ಹುಟ್ಟಿತ್ತು. ನಮ್ಮ ಅಪಾರ್ಟ್‌ಮೆಂಟಿನ ಕಸದ ಉಸ್ತುವಾರಿ ನೋಡಿಕೊಳ್ಳುವ ಗುಂಪಿನಲ್ಲಿ ನಾನೂ ಇದ್ದೆ. ಕೊಟ್ಟ ಒಣ ಕಸ ಏನಾಗುತ್ತದೆಂದು ತಿಳಿಯಲು ಹತ್ತಿರದ ಒಣ ಕಸ ಸಂಗ್ರಹಣಾ ಕೇಂದ್ರಕ್ಕೆ ಹೋಗಿದ್ದೆವು. ತಗಡಿನ ಶೆಡ್ಡು, ಉದ್ದನೆಯ ಮೇಜು, ಎರಡೂ ಕಡೆ ನಿಂತು ವಿಂಗಡಿಸುವ ಹೆಂಗಸರು. ಹಾಲಿನ ಕವರ್ ಒಂದು ಕಡೆ, ರಟ್ಟು ಒಂದು ಕಡೆ, ನೀರಿನ ಬಾಟಲಿ ಇನ್ನೊಂದು ಕಡೆ. ನಮ್ಮೆದುರೇ ಒಂದು ಚೀಲ ಸುರಿದಾಗ ರಟ್ಟಿನ ನಡುವಿನಿಂದ ಬಳಸಿದ ಡೈಪರ್ ಒಂದು ಬಿತ್ತು. ಮಳೆನೀರು ಕುಡಿದು ಉಬ್ಬಿ, ಒಂದು ಬದಿ ಹರಿದು, ಒಳಗಿನ ಲೋಳೆಯಂಥ ಹರಳು ಮೇಜಿನ ಮೇಲೆಲ್ಲ ಚೆಲ್ಲಿತು. ಅಲ್ಲಿದ್ದ ಹೆಂಗಸು ಏನೂ ಮಾತಾಡದೆ ಗ್ಲೌಸ್ ಹಾಕಿದ ಕೈಯಲ್ಲಿ ಅದನ್ನು ಬಳಿದು ಪಕ್ಕದ ಡ್ರಮ್ಮಿಗೆ ಹಾಕಿ, ಮೇಜು ಒರೆಸಿ, ಮತ್ತೆ ರಟ್ಟು ಎತ್ತಿಕೊಂಡಳು. ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಹೈಕೋರ್ಟ್ ಆದೇಶದಿಂದಲೇ ಬಂದದ್ದು, 2015ರ ಡಿಸೆಂಬರಿನಲ್ಲಿ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರಿನಂಥದ್ದು, ಚೀಲಕ್ಕೆ ಒಣ ಕಸ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮವೂ ಡೈಪರನ್ನು ಬಿಗಿಯಾಗಿ ಸುತ್ತಿ ಬೇರೆ ಕೊಡಬೇಕು ಅನ್ನುತ್ತಿತ್ತು. ಸುತ್ತಲು ಬೇಕಾದ ಕವರನ್ನು ತಯಾರಕರೇ ಪ್ಯಾಕೆಟ್ಟಿನ ಜೊತೆ ಕೊಡುವಂತೆಯೂ ಹೇಳಿತ್ತು. ಅಷ್ಟಾದರೂ ಆ ಮೇಜಿನ ಮೇಲೆ ಅದು ಬಂದು ಬಿದ್ದಿತ್ತು. ಪರಿಸರ ಅಂದಾಗ ನನಗೆ ಅಲ್ಲಿಯವರೆಗೆ ಕಾಡು, ಕೆರೆ ನೆನಪಾಗುತ್ತಿದ್ದವು. ಅವತ್ತಿನಿಂದ ಮೊದಲು ನೆನಪಾಗುವುದು ಆ ಕೈ.

ಬಿಸಾಡುವ ಡೈಪರ್ ಒಳಗೆ ಇರುವುದೇನು ಅಂತ ಆಮೇಲೆ ಓದಿಕೊಂಡೆ. ಮೈಗೆ ತಾಗುವ ಪದರ ಪಾಲಿಪ್ರೊಪಿಲೀನ್, ಹೊರಗಿನದು ಪಾಲಿಥೀನ್, ನಡುವೆ ಮರದ ತಿರುಳು ಮತ್ತು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳು. ತನ್ನ ತೂಕದ ಹಲವು ಪಟ್ಟು ಮೂತ್ರ ಹೀರಿ ಲೋಳೆಯಾಗುವುದು ಇದೇ. ಇವೆಲ್ಲ ಅಂಟಿನಿಂದ, ಎಲಾಸ್ಟಿಕ್ಕಿನಿಂದ ಒಂದಾಗಿರುವುದರಿಂದ ಬಳಸಿದ ಮೇಲೆ ಬಿಡಿಸಿ ಮರುಬಳಕೆ ಮಾಡುವ ಮಾತೇ ಕಷ್ಟ. ದಿನಕ್ಕೆ ನಾಲ್ಕೈದು ಅಂತ ಹಿಡಿದರೂ ಎರಡೂವರೆ ವರ್ಷಕ್ಕೆ ಒಂದು ಮಗುವಿನಿಂದ ನಾಲ್ಕು ಸಾವಿರದ ಹತ್ತಿರ. ಅವು ಹೋಗುವುದು ಯಾವುದೋ ಹಳ್ಳಿಯ ಅಂಚಿಗೆ. ಮಾವಳ್ಳಿಪುರದವರು, ಮಂಡೂರಿನವರು ಬೆಂಗಳೂರಿನ ಕಸ ನಮಗೆ ಬೇಡ ಎಂದು ಬೀದಿಗಿಳಿದು ಹೋರಾಡಿದ್ದನ್ನು ನಾವೆಲ್ಲ ಪೇಪರಿನಲ್ಲಿ ಓದಿದವರೇ.

ತಿಪಟೂರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹೊಸ ಕಾಲದ ಬಟ್ಟೆ ಡೈಪರ್ ಕೆಲವನ್ನು ತುಂಬಿಕೊಂಡು ಹೋಗಿದ್ದೆ. ಅಮ್ಮ ಒಂದನ್ನು ಕೈಯಲ್ಲಿ ಹಿಡಿದು ಒಳಗೆ ಹೊರಗೆ ತಿರುಗಿಸಿ ನೋಡಿದರು. "ಹೊರಗಡೇದು ಚೆನ್ನಾಗೈತೆ. ಒಳಗಿರೋ ಈ ದಪ್ಪ ಬಟ್ಟೆಗೆ ಯಾಕೆ ಅಷ್ಟು ದುಡ್ಡು ಕೊಟ್ಟೆ ಮಗಾ? ನಿಮ್ಮಪ್ಪನ ಪಂಚೆ ಪೆಟ್ಟಿಗೆ ತುಂಬ ಅವಲ್ಲ" ಅಂದರು. ಅದೇ ಮಾತು ಮುಂದೆ ನನ್ನ ಇಡೀ ವ್ಯವಸ್ಥೆಗೆ ಬುನಾದಿಯಾಯಿತು.

ಮೊದಲ ತಿಂಗಳು ಅಮ್ಮನ ರಾಜ್ಯ. ಹಳೆ ಪಂಚೆ ಹರಿದು ಮಾಡಿದ ಲಂಗೋಟಿ, ಕೆಳಗೆ ಮಡಿಸಿದ ಹತ್ತಿ ಸೀರೆ. ಹಸುಗೂಸು ಗಳಿಗೆಗೊಮ್ಮೆ ಒದ್ದೆ ಮಾಡುತ್ತದೆ, ಅಮ್ಮ ಗಳಿಗೆಗೊಮ್ಮೆ ಬದಲಾಯಿಸುತ್ತಿದ್ದರು. ಎಳೆಬಿಸಿಲು ಬರುವ ಹೊತ್ತಿಗೆ ಮಹಡಿಯ ತಂತಿಯಲ್ಲಿ ಬಿಳಿ ತುಂಡುಗಳ ಸಾಲು. ಎದೆಹಾಲು ಕುಡಿಯುವ ಕೂಸಿನ ಅರಿಶಿನ ಬಣ್ಣದ ಕಲೆ ಸೋಪಿಗೆ ಹೋಗುವುದಿಲ್ಲ. ಒಗೆದ ಬಟ್ಟೆಯನ್ನು ಹಸಿಯಾಗಿಯೇ ಬಿಸಿಲಿಗೆ ಹಾಕಿದರೆ ಮಧ್ಯಾಹ್ನದೊಳಗೆ ಮಾಯ. ನಾನು ಕಣ್ಣಾರೆ ನೋಡದೆ ಇದ್ದಿದ್ದರೆ ನಂಬುತ್ತಿರಲಿಲ್ಲ. ಇನ್ನೊಂದು ಕೆಲಸವನ್ನೂ ಅಮ್ಮ ಮಾಡುತ್ತಿದ್ದರು. ಮಗು ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಬಚ್ಚಲಲ್ಲಿ ಕಾಲು ಚಾಚಿ ಕೂತು, ಪಾದಗಳ ಮೇಲೆ ಅದನ್ನು ಕೂರಿಸಿಕೊಂಡು "ಶ್... ಶ್..." ಅನ್ನುವುದು. ಕತ್ತು ನಿಂತ ಮೇಲಂತೂ ಮಗಳು ಆ ಸದ್ದಿಗೆ ಕಾಯುತ್ತಿದ್ದಳೇನೋ ಅನ್ನುವ ಹಾಗೆ ಕೆಲಸ ಮುಗಿಸುತ್ತಿದ್ದಳು. ಇದನ್ನು ಈಗ ಹೊರದೇಶದವರು ಹೊಸ ಹೆಸರಿಟ್ಟು ಕಲಿಸುತ್ತಿದ್ದಾರೆ. ಒಂದು ಸಲ ಬಚ್ಚಲಲ್ಲಿ ಆದರೆ ಒಂದು ಡೈಪರ್ ಉಳಿಯಿತು. ಇಡೀ ಪ್ರಯಾಣದಲ್ಲಿ ಇದರಷ್ಟು ಪರಿಸರಸ್ನೇಹಿಯಾದದ್ದು ಬೇರೆ ನನಗೆ ಸಿಗಲಿಲ್ಲ.

ಬೆಂಗಳೂರಿಗೆ ಬಂದಾಗ ಅಪಾರ್ಟ್‌ಮೆಂಟಿನ ಎರಡೂ ಬೋರ್‌ವೆಲ್ ಬತ್ತಿದ್ದವು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಟ್ಯಾಂಕರಿನವರು ಬಾಯಿಗೆ ಬಂದ ದರ ಕೇಳುತ್ತಿದ್ದುದರಿಂದ ಜಿಲ್ಲಾಡಳಿತವೇ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಕಟ್ಟಿತು. ಇಂಥ ಹೊತ್ತಿನಲ್ಲಿ ದಿನವೂ ಡೈಪರ್ ಒಗೆಯುವುದು ಸರಿಯೇ? ಪಕ್ಕದ ಮನೆಯ ಆಂಟಿ ನೇರವಾಗಿಯೇ ಕೇಳಿದರು. ಪ್ರಶ್ನೆಯಲ್ಲಿ ನ್ಯಾಯವಿತ್ತು. ಉತ್ತರ ಹುಡುಕುವುದು ನನಗೂ ಬೇಕಿತ್ತು.

ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಉಪಯೋಗಕ್ಕೆ ಬಂತು. ಎರಡೂವರೆ ವರ್ಷ ಬಿಸಾಡುವ ಡೈಪರ್ ಹಾಕಿದರೆ ವಾತಾವರಣಕ್ಕೆ ಸೇರುವ ಇಂಗಾಲದ ಹೊರೆ ಸುಮಾರು 550 ಕಿಲೋ, ಬಟ್ಟೆಯದಾದರೆ ಸುಮಾರು 570 ಕಿಲೋ. ಬಟ್ಟೆಯದೇ ಜಾಸ್ತಿ! ಓದಿದಾಗ ಎದೆ ಧಸಕ್ಕೆಂದಿತು. ಮುಂದೆ ಓದಿದರೆ ಅಸಲು ಸಂಗತಿ ಇತ್ತು. ಬಿಸಿನೀರಿನಲ್ಲಿ ಒಗೆದು ಡ್ರೈಯರಿನಲ್ಲಿ ಒಣಗಿಸಿದರೆ ಆ ಹೊರೆ ಇನ್ನೂ ಏರುತ್ತದೆ. ಯಂತ್ರ ತುಂಬುವಷ್ಟು ಬಟ್ಟೆ ಒಟ್ಟಿಗೆ ಹಾಕಿ, ತಂತಿಯ ಮೇಲೆ ಒಣಗಿಸಿ, ಅದೇ ಡೈಪರನ್ನು ಎರಡನೆಯ ಮಗುವಿಗೂ ಬಳಸಿದರೆ ಶೇ. 40ರಷ್ಟು ಇಳಿಯುತ್ತದೆ. 2023ರಲ್ಲಿ ಅಲ್ಲಿಯ ಪರಿಸರ ಇಲಾಖೆ ಮಾಡಿಸಿದ ಹೊಸ ಲೆಕ್ಕದಲ್ಲಿ ಬಟ್ಟೆಯದು ಸುಮಾರು 345 ಕಿಲೋ, ಬಿಸಾಡುವುದು ಸುಮಾರು 457 ಕಿಲೋ. ಡ್ರೈಯರ್ ಎಂಬ ಯಂತ್ರ ನಮ್ಮ ಮನೆಯಲ್ಲಿಲ್ಲ. ಬೆಂಗಳೂರಿನ ಬಿಸಿಲು ಪುಕ್ಕಟೆ. ಉಳಿದದ್ದು ನೀರು ಮಾತ್ರ.

ನೀರಿನ ವಿಷಯದಲ್ಲಿ ಅಮ್ಮನ ಪಂಚೆ ಕೈ ಹಿಡಿಯಿತು. ಅಂಗಡಿಯ ಬಟ್ಟೆ ಡೈಪರಿನಲ್ಲಿ ಎರಡು ಭಾಗ: ಹೊರಗಿನ ಕವರು, ಒಳಗೆ ಹೀರುವ ಪ್ಯಾಡು. ಕವರಿನ ಬಟ್ಟೆಯ ಒಳಬದಿಗೆ ಪಾಲಿಯುರೆಥೇನಿನ ತೆಳು ಪೊರೆ ಹಚ್ಚಿರುತ್ತಾರೆ, ನೀರು ಹೊರಗೆ ಬರುವುದಿಲ್ಲ. ಎಲ್ಲವೂ ಸೇರಿಸಿ ಹೊಲಿದ ಬಗೆ ಒಂದು, ಜೇಬಿನೊಳಗೆ ಪ್ಯಾಡು ತೂರಿಸುವ ಬಗೆ ಇನ್ನೊಂದು, ಬರೀ ಕವರು ಮೂರನೆಯದು. ಮೊದಲೆರಡು ಬಗೆಯಲ್ಲಿ ಒಮ್ಮೆ ಒದ್ದೆಯಾದರೆ ಇಡಿಯಾಗಿ ಒಗೆಯಲೇಬೇಕು. ಬರೀ ಕವರಿನಲ್ಲಿ ಹಾಗಲ್ಲ. ಮಡಿಸಿದ ಪಂಚೆ ತುಂಡನ್ನು ಒಳಗಿಟ್ಟು ಕಟ್ಟಿ, ಒದ್ದೆಯಾದಾಗ ತುಂಡು ಮಾತ್ರ ತೆಗೆದು, ಕವರನ್ನು ಒರೆಸಿ ಮತ್ತೆ ಬಳಸಬಹುದು. ಕಕ್ಕ ತಾಗಿದರೆ ಮಾತ್ರ ಕವರೂ ಒಗೆಯಲು ಹೋಗುತ್ತದೆ. ಒಗೆಯುವ ಹೊರೆ ಅರ್ಧಕ್ಕಿಳಿಯಿತು. ಒಂದೇ ಪದರದ ಪಂಚೆ ತುಂಡಿಗೆ ನೀರೂ ಕಡಿಮೆ ಸಾಕು, ಏಪ್ರಿಲ್ ಬಿಸಿಲಿಗೆ ಹಾಕಿದರೆ ಅಡುಗೆ ಮುಗಿಯುವಷ್ಟರಲ್ಲಿ ಒಣಗಿರುತ್ತಿತ್ತು. ವರ್ಷಗಟ್ಟಲೆ ಒಗೆದು ಮೆತ್ತಗಾದ ಹತ್ತಿ ಹೀರುವ ಹಾಗೆ ಹೊಸ ಬಟ್ಟೆ ಹೀರುವುದಿಲ್ಲ. ಹೊಸ ಪ್ಯಾಡನ್ನು ಬಳಸುವ ಮೊದಲೇ ಐದಾರು ಸಲ ಒಗೆದು ಒಣಗಿಸಿ ಅಂತ ಕಂಪನಿಯವರೇ ಬರೆಯುವುದು ಇದಕ್ಕೇ.

ಯಂತ್ರಕ್ಕೆ ಹಾಕುವ ಕ್ರಮವೂ ಆ ಬೇಸಿಗೆಯೇ ಕಲಿಸಿದ್ದು. ಬದಲಾಯಿಸಿದ ಕೂಡಲೇ ಬಚ್ಚಲಲ್ಲಿ ಒಂದು ಚೊಂಬು ನೀರು ಹಾಕಿ ಹಿಂಡಿ, ರಂಧ್ರವಿರುವ ಬುಟ್ಟಿಗೆ ಹಾಕುವುದು. ಬಕೆಟ್ಟಿನಲ್ಲಿ ನೆನೆಸಿಟ್ಟರೆ ವಾಸನೆ ಕುಳಿತುಕೊಳ್ಳುತ್ತದೆ. ದಿನ ಬಿಟ್ಟು ದಿನ, ಟವೆಲು, ಮಗುವಿನ ಅಂಗಿಗಳ ಜೊತೆ ತುಂಬಿಸಿ ಒಂದೇ ಸುತ್ತು. ಕೊನೆಯ ಜಾಲಾಡಿಸಿದ ನೀರನ್ನು ಪೈಪಿನಿಂದ ಬಕೆಟ್ಟಿಗೆ ಹಿಡಿದು ಕಮೋಡಿಗೆ ಬಳಸಿದೆವು. ಫ್ಲಶ್ಶಿಗೆ ಹೇಗೂ ನೀರು ಬೇಕಲ್ಲ, ಅದು ಹೀಗೆ ಬಂತು. ಪಕ್ಕದ ಆಂಟಿಗೆ ಆ ಬಕೆಟ್ ತೋರಿಸಿದೆ. ಅವರೂ ತಮ್ಮ ಯಂತ್ರದ ಪೈಪು ಎಳೆದು ಬಕೆಟ್ಟಿಗೆ ಬಿಟ್ಟುಕೊಂಡರು.

ನೀರಿನ ಗಡಸು ಬೇರೆಯದೇ ಕಥೆ. ಟ್ಯಾಂಕರಿನಲ್ಲಿ ಬರುವುದೂ ಯಾವುದೋ ಬೋರ್‌ವೆಲ್ಲಿನ ನೀರೇ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಟ್ಟೆಯ ಎಳೆಗಳಲ್ಲಿ ಕೂರುತ್ತದೆ. ಕೆಲವು ವಾರಗಳಲ್ಲಿ ಅಂಗಡಿಯ ಪ್ಯಾಡುಗಳು ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗುತ್ತಿದ್ದವು. ಮೂತ್ರ ಹೀರದೆ ತೊಡೆಯ ಸಂದಿನಿಂದ ಸೋರುತ್ತಿತ್ತು. ಬೆಳಿಗ್ಗೆ ಬಿಚ್ಚಿದರೆ ಮೂಗಿಗೆ ಹೊಡೆಯುವ ಅಮೋನಿಯಾ. ಒಳಗೆ ಉಳಿದ ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಬರುವ ವಾಸನೆ ಅದು. ಬಟ್ಟೆ ಸರಿಯಾಗಿ ಶುದ್ಧವಾಗುತ್ತಿಲ್ಲ ಅಂತಲೇ ಅರ್ಥ. ಅಂಟುವಾಳದ ನೀರಿನಲ್ಲಿ ಒಗೆದು ನೋಡಿದೆ, ಮಗುವಿನ ಅಂಗಿಗೆ ಚೆನ್ನಾಗಿದೆ, ಡೈಪರಿಗೆ ಸಾಲದು. ಪರಿಹಾರ ಸಿಕ್ಕಿದ್ದು ಕಿರಾಣಿ ಅಂಗಡಿಯಲ್ಲಿ. ಬಿಸಿನೀರಿಗೆ ಒಂದಿಷ್ಟು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಪ್ಯಾಡುಗಳನ್ನು ಮಾತ್ರ ನೆನೆಸಿ ಜಾಲಾಡಿಸುವುದು, ಒಗೆಯುವಾಗ ಡಿಟರ್ಜೆಂಟಿನ ಜೊತೆ ಬಟ್ಟೆ ಸೋಡಾ ಸೇರಿಸುವುದು. ಕಂಫರ್ಟ್ ಥರದ ಮೆದುಕಾರಕಗಳನ್ನು ಹತ್ತಿರವೂ ಸೇರಿಸಬಾರದು; ಅವು ಎಳೆಗೆ ಲೇಪ ಹಾಕಿ ಹೀರುವ ಗುಣವನ್ನೇ ಕೆಡಿಸುತ್ತವೆ. ರ‍್ಯಾಶ್ ಆದಾಗ ಹಚ್ಚುವ ಜಿಂಕ್ ಕ್ರೀಮೂ ಹಾಗೆಯೇ, ಅದನ್ನು ಹಚ್ಚಿದ ದಿನ ಮೇಲೊಂದು ತೆಳು ಮಲ್ ಬಟ್ಟೆ ಇಡುತ್ತಿದ್ದೆ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ಆಮೇಲೆ ನಮ್ಮ ಕಟ್ಟಡಕ್ಕೂ ಸಂಪರ್ಕ ಸಿಕ್ಕ ಮೇಲೆ ಅದೇ ಪ್ಯಾಡುಗಳು ಮೆತ್ತಗಾದವು. ನೀರು ಬದಲಾದದ್ದು ಬಿಟ್ಟರೆ ನಾನು ಬೇರೇನೂ ಮಾಡಿರಲಿಲ್ಲ.

ಮಳೆಗಾಲಕ್ಕೆ ಅತ್ತೆ ಮನೆಗೆ, ಸಾಗರಕ್ಕೆ ಹೋದೆವು. ಜುಲೈ ತಿಂಗಳ ಮಲೆನಾಡಿನಲ್ಲಿ ತಂತಿಯ ಮೇಲೆ ಏನೂ ಒಣಗುವುದಿಲ್ಲ, ಮುಗ್ಗಲು ಹಿಡಿಯುತ್ತದೆ. ಅಲ್ಲಿ ತಲೆತಲಾಂತರದಿಂದ ಇರುವ ಉಪಾಯ ಬಚ್ಚಲೊಲೆ. ಒಲೆಯ ಮೇಲೆ ಅಡ್ಡಕ್ಕೆ ಕಟ್ಟಿದ ಹಗ್ಗದಲ್ಲಿ ಪಂಚೆ ತುಂಡುಗಳು ಗರಿಗರಿಯಾಗಿ ಒಣಗುತ್ತಿದ್ದವು, ಸ್ವಲ್ಪ ಹೊಗೆಯ ವಾಸನೆ ಅಂಟಿಕೊಂಡು. ಕವರನ್ನು ಮಾತ್ರ ನಾನು ಜಗಲಿಯಲ್ಲಿ ಹಾಕುತ್ತಿದ್ದೆ. "ಇದನ್ನೂ ಇಲ್ಲೇ ಹಾಕು, ಬೇಗ ಒಣಗ್ತದೆ" ಅಂದರು ಅತ್ತೆ. ಬೆಂಕಿಯ ಕಾವಿಗೆ ಒಳಗಿನ ಪೊರೆ ಬಿಟ್ಟುಕೊಳ್ಳುತ್ತದೆ ಅತ್ತೆ, ಆಮೇಲೆ ಸೋರುತ್ತದೆ ಅಂದೆ. ಮರುದಿನದಿಂದ ಅವರೇ ಕವರುಗಳನ್ನು ಬೇರೆ ಮಾಡಿ ಜಗಲಿಯ ಗೂಟಕ್ಕೆ ಹಾಕುತ್ತಿದ್ದರು. ದಪ್ಪ ಪ್ಯಾಡು ಆ ಮಳೆಗೆ ಎರಡು ದಿನವಾದರೂ ಒಣಗದೆ, ಕೊನೆಗೆ ಅವನ್ನು ಸೂಟ್‌ಕೇಸಿನಲ್ಲೇ ಬಿಟ್ಟೆ.

ಇನ್ನು ಒಗೆಯುವವರ ವಿಷಯ. ಮನೆಗೆಲಸಕ್ಕೆ ಬರುವ ಅಕ್ಕ ಪಾತ್ರೆ, ನೆಲ ನೋಡಿಕೊಳ್ಳುತ್ತಾರೆ. ಕಕ್ಕ ಆದ ಬಟ್ಟೆಯನ್ನು ಅವರ ಕೈಗೆ ಕೊಡುವುದಿಲ್ಲ ಅಂತ ನಾನೂ ನನ್ನ ಗಂಡನೂ ಮೊದಲ ದಿನವೇ ಮಾತಾಡಿಕೊಂಡಿದ್ದೆವು. ಕಸ ವಿಂಗಡಿಸುವ ಹೆಂಗಸಿನ ಕೈಗೆ ಬೀಳಬಾರದು ಅಂತ ಬಿಸಾಡುವ ಡೈಪರ್ ಬಿಟ್ಟು, ಅದೇ ಹೊಲಸನ್ನು ಇನ್ನೊಬ್ಬ ಹೆಂಗಸಿನ ಕೈಗೆ ದಾಟಿಸಿದರೆ ಏನು ಬಂತು? ಹಾಗಂತ ಎಲ್ಲವೂ ನನ್ನ ತಲೆಗೇ ಬಂದಿದ್ದರೆ ನಾನು ಎರಡನೇ ತಿಂಗಳೇ ಕೈ ಬಿಡುತ್ತಿದ್ದೆ. ಕಕ್ಕ ತೊಳೆಯುವುದು, ಯಂತ್ರಕ್ಕೆ ಹಾಕುವುದು ಗಂಡನ ಪಾಲು, ಒಣಹಾಕಿ ಮಡಿಸುವುದು ನನ್ನದು. ಕಮೋಡಿನ ಪಕ್ಕದ ಜೆಟ್ ಸ್ಪ್ರೇ ಇದ್ದರೆ ಕೈ ತಾಗಿಸುವ ಅಗತ್ಯವೇ ಇಲ್ಲ. ಅನ್ನಪ್ರಾಶನವಾಗಿ ರಾಗಿ ಸರಿ ಶುರುವಾದ ಮೇಲೆ ಕಲೆ, ವಾಸನೆ ಎರಡೂ ಹೆಚ್ಚಿತು. ಆದರೆ ಗಟ್ಟಿಯಾದ್ದರಿಂದ ಕಮೋಡಿಗೆ ಒದರಿದರೆ ಮುಕ್ಕಾಲು ಕೆಲಸ ಮುಗಿಯುತ್ತಿತ್ತು. ಬಿಸಾಡುವುದನ್ನು ಬಳಸುವವರೂ ಮಲವನ್ನು ಹೀಗೆ ಕಮೋಡಿಗೆ ಹಾಕಿಯೇ ಡೈಪರ್ ಸುತ್ತಬೇಕು. ಕಸದ ಮೇಜಿಗೆ ಹೋಗುವ ರೋಗಾಣು ಅಷ್ಟಾದರೂ ಕಡಿಮೆಯಾಗುತ್ತದೆ.

ರಾತ್ರಿಗೆ ಮತ್ತು ದೂರದ ಬಸ್ ಪ್ರಯಾಣಕ್ಕೆ ಬಿಸಾಡುವುದನ್ನೇ ಬಳಸಿದೆ, ಈಗಲೂ ಅದನ್ನು ಮುಚ್ಚುಮರೆ ಮಾಡುವುದಿಲ್ಲ. ನಿದ್ದೆಗೆಟ್ಟ ತಾಯಿಯ ಆರೋಗ್ಯವೂ ಲೆಕ್ಕಕ್ಕೆ ಬರಬೇಕು. ಆಗ ಬಿದಿರಿನದು, ಮಣ್ಣಲ್ಲಿ ಕರಗುವಂಥದ್ದು ಎಂದು ಹಸಿರೆಲೆ ಚಿತ್ರ ಹಾಕಿ ಮಾರುವ ಪ್ಯಾಕೆಟ್ಟುಗಳನ್ನು ಕೈಗೆತ್ತಿಕೊಂಡೆ. ಒಂದರ ಹಿಂಬದಿಯ ಸಣ್ಣಕ್ಷರ ಓದಿದರೆ, ಬಿದಿರಿನದು ಮೈಗೆ ತಾಗುವ ಪದರ ಮಾತ್ರ. ಅದೂ ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ನೂಲು. ನಡುವಿನ ಹೀರುವ ಹರಳು ಅದೇ ಹಳೆಯದು. ಕಂಪೋಸ್ಟ್ ಆಗುವ ಪ್ಲಾಸ್ಟಿಕ್ ಎನ್ನಿಸಿಕೊಳ್ಳಲು ಐಎಸ್/ಐಎಸ್ಒ 17088 ಎಂಬ ಮಾನದಂಡವಿದೆ, ಅದರ ಸುಳಿವೂ ಆ ಪ್ಯಾಕೆಟ್ಟಿನಲ್ಲಿರಲಿಲ್ಲ. ಇದ್ದರೂ ಏನು, ನಮ್ಮ ಊರಿನಲ್ಲಿ ಡೈಪರನ್ನು ಪ್ರತ್ಯೇಕವಾಗಿ ಕಂಪೋಸ್ಟ್ ಘಟಕಕ್ಕೆ ಒಯ್ಯುವ ವ್ಯವಸ್ಥೆ ಇಲ್ಲದ ಮೇಲೆ ಅದು ಸೇರುವುದು ಅದೇ ಕೆಂಪು ಬುಟ್ಟಿಗೆ. ದುಪ್ಪಟ್ಟು ದುಡ್ಡು ಕೊಡುವುದು ನನಗೆ ಸರಿ ಕಾಣಲಿಲ್ಲ. ಸಾಧಾರಣದ್ದನ್ನೇ ಕೊಂಡು, ರಾತ್ರಿಗೆ ಒಂದರಂತೆ ಬಳಸಿ, ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಟ್ಟೆ. ಪರಿಸರದ ಹೆಸರಿನಲ್ಲಿ ಹೀಗೆ ದಾರಿ ತಪ್ಪಿಸುವುದನ್ನು ತಡೆಯಲು 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಹಸಿರು ಎಂದು ಹೇಳಿಕೊಳ್ಳುವವರು ಅದಕ್ಕೆ ಆಧಾರ ತೋರಿಸಬೇಕು. ತಾಯಂದಿರು ಅಂಗಡಿಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಇದೇ.

ಕೆಲಸಕ್ಕೆ ಮರಳುವಾಗ ನೋಡಿದ ಮೊದಲ ಡೇಕೇರ್‌ನವರು ಬಟ್ಟೆ ಡೈಪರ್ ಆಗುವುದೇ ಇಲ್ಲ ಅಂದುಬಿಟ್ಟರು. ಎರಡನೆಯ ಕಡೆ ಮಗುವನ್ನು ನೋಡಿಕೊಳ್ಳುವ ಆಯಾ ಒಂದು ಷರತ್ತು ಹಾಕಿದರು: "ನಾವು ತೊಳಿಯಲ್ಲ ಮೇಡಂ, ತೆಗೆದು ಹಾಕಕ್ಕೆ ಚೀಲ ಕೊಡಿ." ಒಳಗೆ ನೀರು ತಡೆಯುವ ಪದರವಿರುವ ಜಿಪ್ಪಿನ ಚೀಲ ಕೊಟ್ಟೆ. ಅಲ್ಲಿಗೆ ಪಂಚೆ ತುಂಡಿನ ಬದಲು, ಮೊದಲೇ ಪ್ಯಾಡು ತೂರಿಸಿಟ್ಟ ಜೇಬಿನ ಡೈಪರ್ ಕಳಿಸುತ್ತಿದ್ದೆ, ಅವರಿಗೆ ಮಡಿಸುವ ರೇಜಿಗೆ ಬೇಡವೆಂದು. ಸಂಜೆ ಚೀಲ ಮನೆಗೆ ಬರುತ್ತಿತ್ತು. ಮೈಕ್ರೋಫೈಬರ್ ಎಂಬ ಸಿಂಥೆಟಿಕ್ ಬಟ್ಟೆಯ ಪ್ಯಾಡು ಮಾತ್ರ ನೇರವಾಗಿ ಮೈಗೆ ತಾಗದಂತೆ ನೋಡಿಕೊಳ್ಳಿ ಅಂತ ಹೇಳಿದ್ದೆ. ಅದು ಚರ್ಮದ ಪಸೆಯನ್ನೇ ಹೀರಿಬಿಡುತ್ತದೆ. ಮುಂದೆ ಕೊಂಡಾಗ ಹತ್ತಿಯದ್ದೇ ಕೊಂಡೆ.

ಮಗಳು ಈಗ ಬಚ್ಚಲ ಕಡೆ ಕೈ ತೋರಿಸುತ್ತಾಳೆ, ಹಗಲಿಗೆ ಬರೀ ಚಡ್ಡಿ ಸಾಕು. ಕವರುಗಳಲ್ಲಿ ಪೊರೆ ಚೆನ್ನಾಗಿಯೇ ಇದ್ದು, ಕಾಲಿನ ಹತ್ತಿರದ ಎಲಾಸ್ಟಿಕ್ ಸಡಿಲವಾಗಿತ್ತು. ನಮ್ಮ ಬೀದಿಯ ಟೈಲರ್ ಅಣ್ಣ ಹೊಲಿಗೆ ಬಿಚ್ಚಿ ಹೊಸ ಎಲಾಸ್ಟಿಕ್ ಹಾಕಿಕೊಟ್ಟರು. ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು, ಬಿಸಿಲು ತೋರಿಸಿ, ಬಸುರಿಯಾಗಿರುವ ಸಹೋದ್ಯೋಗಿಗೆ ಕೊಟ್ಟೆ. ಜೊತೆಗಿಟ್ಟಿದ್ದ ಪಂಚೆ ತುಂಡುಗಳನ್ನು ಮಾತ್ರ ಅವಳು ವಾಪಸ್ ಕೊಟ್ಟಳು. ಅವಳ ಅತ್ತೆ ಮಾವನ ಪಂಚೆ ಹರಿದು, ಅಂಚು ಹೊಲಿದು, ಆಗಲೇ ಒಂದು ಕಟ್ಟು ಸಿದ್ಧ ಮಾಡಿಟ್ಟಿದ್ದಾರಂತೆ.